ಹನ್ನೊಂದನೇ ಶಾಸಕನ ಕೆನ್ನೆ

ಸಿನಿಮಾದವರ ವ್ಯಾನುಗಳು ನಮ್ಮ ಊರಿಗೆ ಬಂದ ದಿನ ನಾನು ಸರ್ಕಾರಿ ಆಸ್ಪತ್ರೆಯ ಜಗಲಿಯಲ್ಲಿ ಕೂತು, ತರಕಾರಿ ಕರಿಬಸಯ್ಯನ ಹೆಂಡತಿಯ ತೋಳಿಗೆ ಮುಲಾಮು ಹಚ್ಚುತ್ತಿದ್ದೆ. ಸಂತೆಯಲ್ಲಿ ಯಾರೋ ಒಬ್ಬ ಬದನೆಕಾಯಿಯ ರಾಶಿಯನ್ನು ತುಳಿದನೆಂದು ಕರಿಬಸಯ್ಯ ತಡೆಯಲಾರದೆ ಅವನ ತೋಳಿಗೆ ಒಂದು ಗುದ್ದಿದ್ದ. ಗುದ್ದಿಸಿಕೊಂಡವನು ನಗುತ್ತಾ ಹೋಗಿ ಟೀ ಕುಡಿದನಂತೆ. ಮೂರು ಬೀದಿ ಆಚೆ ಒಗ್ಗರಣೆ ಹಾಕುತ್ತಿದ್ದ ಈಯಮ್ಮ ಸೌಟು ಬಿಸಾಕಿ ತೋಳು ಹಿಡಿದುಕೊಂಡು ಓಡಿ ಬಂದಿದ್ದಳು. "ಊದಿಕೊಂಡರೆ ಊದಿಕೊಳ್ಳಲಿ ಬಿಡಿ ಕಂಪೌಂಡ್ರೇ, ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು, ಇನ್ನೂ ನನಗೇ ಬೀಳ್ತಾ ಇದೆಯಲ್ಲ" ಎಂದು ಒಳಗೊಳಗೇ ಖುಷಿಪಡುತ್ತಿದ್ದಳು. ನಾನು ಹತ್ತಿ ಸುತ್ತಿ ಕಳಿಸಿದೆ.

ನಮ್ಮ ಊರಲ್ಲಿ ಹಾಗೆ. ಯಾರು ಯಾರಿಗೆ ಹೊಡೆದರೂ ಏಟು ಬೀಳುವುದು ಹೊಡೆದವನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರ ಮೇಲೆ. ಅವರು ಎಷ್ಟು ದೂರ ಇದ್ದರೂ ಸರಿ. ಹೊಸದಾಗಿ ವರ್ಗವಾಗಿ ಬಂದ ಇನ್‌ಸ್ಪೆಕ್ಟರು ಒಬ್ಬ ಕಳ್ಳನಿಗೆ ಎರಡು ಬಿಟ್ಟಾಗ, ಇನ್ನೂರು ಮೈಲಿ ಆಚೆಯಿಂದ ಅವರ ತಾಯಿ ಫೋನು ಮಾಡಿ "ಏನಪ್ಪಾ ನಿನ್ನ ಹೊಸ ಕೆಲಸ, ನನ್ನ ಬೆನ್ನು ಮುರೀತು" ಎಂದು ಅತ್ತರಂತೆ. ಅಂದಿನಿಂದ ಇನ್‌ಸ್ಪೆಕ್ಟರು ಕೈ ಹಿಂದೆ ಕಟ್ಟಿಕೊಂಡೇ ಓಡಾಡುತ್ತಾರೆ. ಮದುವೆ ಗೊತ್ತಾದ ಮೇಲೆ ಹುಡುಗ ಬ್ರೋಕರ್ ಬೆನ್ನಿಗೆ ಮೆಲ್ಲಗೆ ಒಂದು ತಟ್ಟುವ ಪದ್ಧತಿ ನಮ್ಮಲ್ಲಿದೆ. ಪ್ರತಿ ಸಲವೂ ಹುಡುಗನ ತಾಯಿಯೇ "ಹಾ" ಎನ್ನುವುದು. ಆಕೆ ಆ ಖುಷಿಯಲ್ಲೇ ಮದುವೆ ಮುಗಿಸುತ್ತಾಳೆ. ಎರಡೋ ಮೂರೋ ವರ್ಷ ಕಳೆದು, ಮಗ ಎಲ್ಲೋ ಕೈ ಮಾಡಿ ಬಂದ ದಿನ, ಅತ್ತೆಗೆ ಏನೂ ಆಗದೆ ಖಾರ ಅರೆಯುತ್ತಿದ್ದ ಸೊಸೆ ಎಗರಿ ಬಿದ್ದಳೋ, ಮುಗಿಯಿತು. ಅತ್ತೆ ಎರಡು ದಿನ ಊಟ ಬಿಡುತ್ತಾಳೆ.

ಯಾರ ಪ್ರೀತಿಯೂ ಇಲ್ಲದವನ ಏಟು ಮಾತ್ರ ಹೊಡೆದ ಜಾಗದಲ್ಲೇ ಬೀಳುತ್ತದೆ. ಅದಕ್ಕೇ ನಲ್ಲಿಯ ಹತ್ತಿರ ಹೆಂಗಸರು ಜಗಳಕ್ಕೆ ನಿಂತರೆ ಎಲ್ಲ ಬೈಗುಳವೂ ಮುಗಿದ ಮೇಲೆ ಕೊನೆಗೆ ತೆಗೆಯುವುದು "ನಿನ್ನ ಏಟು ನೇರ ಬೀಳ!" ಎನ್ನುವುದನ್ನು. ಅದನ್ನು ಅಂದ ಮೇಲೆ ಎರಡು ಮನೆಯವರೂ ವರ್ಷಗಟ್ಟಲೆ ಮುಖ ನೋಡುವುದಿಲ್ಲ.

ಇಂಥ ಊರಿಗೆ ಸೇಡಿನ ಸಿನಿಮಾ ತೆಗೆಯಲು ಬಂದರು ನೋಡಿ, ಅವರ ಧೈರ್ಯಕ್ಕೆ ಏನನ್ನಬೇಕು! ಸಿನಿಮಾದ ಹೆಸರು 'ಹನ್ನೊಂದನೇ ಶಾಸಕ'. ಒಬ್ಬ ಪ್ರಾಮಾಣಿಕ ಗುಮಾಸ್ತನನ್ನು ಹನ್ನೊಂದು ಜನ ಶಾಸಕರು ಸೇರಿ ಕೊಲ್ಲಿಸುತ್ತಾರೆ. ಮಗ ಬೆಳೆದು ಹತ್ತು ಜನರನ್ನು ಹತ್ತು ಥರದಲ್ಲಿ ಮುಗಿಸುತ್ತಾನೆ. ಹನ್ನೊಂದನೆಯವನು ಅಷ್ಟರಲ್ಲಿ ಮಂತ್ರಿಯಾಗಿರುತ್ತಾನೆ. ಅವನನ್ನು ದೊಡ್ಡ ಕಚೇರಿಯ ಮೆಟ್ಟಿಲ ಮೇಲೆ, ಎಲ್ಲರ ಎದುರಿಗೆ ಹಿಡಿಯುವುದೇ ಕ್ಲೈಮ್ಯಾಕ್ಸು. ನಮ್ಮ ಪುರಸಭೆಯ ಕಟ್ಟಡಕ್ಕೆ ಯಾವ ಕಾಲದಲ್ಲೋ ಯಾರೋ ಹನ್ನೆರಡು ಕಂಬ, ಇಪ್ಪತ್ತೆರಡು ಮೆಟ್ಟಿಲು ಕಟ್ಟಿಸಿಬಿಟ್ಟಿದ್ದಾರೆ. ಒಳಗೆ ಕೂರಲು ಜಾಗವಿಲ್ಲ, ಹೊರಗಿನಿಂದ ನೋಡಿದರೆ ರಾಜಧಾನಿ. ಅದಕ್ಕೇ ಬಂದರು.

ಊರಿನ ರೀತಿಯನ್ನು ನಾವು ಹೇಳಿದೆವು. ನಕ್ಕರು. ಡೈರೆಕ್ಟರ್ ಮಿಥುನ್ ಎಂಬ ತೆಳ್ಳನೆಯ ಮನುಷ್ಯ ನನ್ನ ಭುಜದ ಮೇಲೆ ಕೈಯಿಟ್ಟು, "ಸಾರ್, ಹಿಂಸೆಗೆ ನಾವು ಎಂಥಾ ಬೆಲೆ ಕೊಡ್ತೀವಿ ಅನ್ನೋದೇ ನಮ್ ಸಿನಿಮಾ. ಜನಕ್ಕೆ ಇದು ಗೊತ್ತೇ ಇಲ್ಲ" ಎಂದ. ಪಕ್ಕದಲ್ಲಿ ಕರಿಬಸಯ್ಯ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ.

ಹೀರೋ ಹೆಸರು ಅಗ್ನಿತೇಜ. ಆರಡಿ ಆಳು, ಮುಖದ ತುಂಬಾ ಗಡ್ಡ. ಮೊದಲ ದಿನವೇ ಸಂತೆ ಮೈದಾನದಲ್ಲಿ ಫೈಟು. ಗಾಳಿಯಲ್ಲಿ ಕಾಲು ಬೀಸುವುದೆಲ್ಲ ಹಳೇ ಕಾಲದ್ದು, ಒದೆ ಎದೆಗೆ ತಾಗಲೇಬೇಕು ಎಂದು ಮಿಥುನ್ ಹಟ ಹಿಡಿದ. ನಾವೆಲ್ಲ ಹೀರೋನ ಹೆಂಡತಿ ಕೂತಿದ್ದ ವ್ಯಾನಿನ ಕಡೆಗೇ ನೋಡುತ್ತಾ ನಿಂತೆವು. ಪಾಪ, ಆಯಮ್ಮ ಮಂಡಕ್ಕಿ ತಿನ್ನುತ್ತಿದ್ದಳು. "ಆಕ್ಷನ್" ಎಂದರು. ಅಗ್ನಿತೇಜ ಓಡಿ ಬಂದು ಹಾರಿ ಒಬ್ಬ ರೌಡಿಯ ಎದೆಗೆ ಒದ್ದ. ರೌಡಿ ಹೇಳಿಕೊಟ್ಟ ಹಾಗೆ ಹಿಂದಕ್ಕೆ ಬಿದ್ದು, ಮೈ ಕೊಡವಿಕೊಂಡು ಎದ್ದ. ವ್ಯಾನಿನಲ್ಲಿ ಹೆಂಡತಿ ಮಂಡಕ್ಕಿ ತಿನ್ನುತ್ತಲೇ ಇದ್ದಳು. ಅಗ್ನಿತೇಜ ತನ್ನ ಎದೆಯನ್ನು ತಾನೇ ಹಿಡಿದುಕೊಂಡು "ಅಮ್ಮಾ!" ಎಂದು ಕೂಗಿ ಕರಿಬಸಯ್ಯನ ಬದನೆಕಾಯಿಯ ಮೇಲೆ ಕುಸಿದ.

ಊರಿಗೆ ಊರೇ ಟವೆಲ್ಲು, ಸೆರಗು ಬಾಯಿಗೆ ಒತ್ತಿಕೊಂಡಿತು. ಇಂಥದ್ದು ನಮ್ಮಲ್ಲೂ ಎಲ್ಲೋ ಅಪರೂಪಕ್ಕೊಂದು ಆಗುತ್ತದೆ. ಆದವರು ಆಮೇಲೆ ಊರು ಬಿಡುತ್ತಾರೆ.

ಆಸ್ಪತ್ರೆಯಲ್ಲಿ ಅವನ ಎದೆಗೆ ಪಟ್ಟಿ ಸುತ್ತುವಾಗ ಅವನು ಮೆಲ್ಲಗೆ ಕೇಳಿದ: "ಹಂಗಾದ್ರೆ ಡಾಕ್ಟ್ರೇ, ನನ್ನನ್ನ ಎಲ್ಲಾರಿಗಿಂತ ಜಾಸ್ತಿ ಪ್ರೀತಿಸೋರು ಯಾರು?"

"ನಾನು ಕಂಪೌಂಡರ್ ಸಾರ್" ಎಂದೆ. ಅವನ ಮುಖ ನೋಡಿ ಅಯ್ಯೋ ಅನ್ನಿಸಿತು. "ನಿಮ್ಮನ್ನ ಪ್ರೀತಿಸೋರು ಲಕ್ಷಗಟ್ಟಲೆ ಜನ ಇದ್ದಾರಲ್ಲ ಸಾರ್, ಯಾರ ಮೇಲೆ ಬೀಳೋದು ಅಂತ ಗೊತ್ತಾಗದೆ ಏಟು ವಾಪಸ್ ಬಂದಿರಬೇಕು."

ಅವನಿಗೆ ಅದು ಬಹಳ ಹಿಡಿಸಿತು. ಪಟ್ಟಿಯ ಮೇಲೆ ತಾನೇ ಸಹಿ ಹಾಕಿಕೊಂಡು ಫೋಟೋ ತೆಗೆಸಿಕೊಂಡ. ಆದರೆ ಇನ್ನು ಮೇಲೆ ಈ ಊರಲ್ಲಿ ಒಂದು ಸೊಳ್ಳೆಯನ್ನೂ ಮುಟ್ಟುವುದಿಲ್ಲ ಎಂದು ಮಿಥುನ್‌ಗೆ ಕಡ್ಡಿ ಮುರಿದ ಹಾಗೆ ಹೇಳಿದ.

ಮಿಥುನ್ ನಮ್ಮ ಆಸ್ಪತ್ರೆಯ ಬೆಂಚಿನ ಮೇಲೇ ಕೂತು ಕ್ಲೈಮ್ಯಾಕ್ಸ್ ತಿದ್ದಿದ. ಹತ್ತು ಕೊಲೆ ಮಾಡಿ ದಣಿದ ಹೀರೋ ಮೆಟ್ಟಿಲ ಮೇಲೆ ಪಿಸ್ತೂಲು ಬಿಸಾಕಿ ಕೂತುಬಿಡುತ್ತಾನೆ. ಆಗ ಕಚೇರಿಯ ಒಬ್ಬ ಮುದಿ ಜವಾನ, ಸತ್ತ ಗುಮಾಸ್ತನ ಸ್ನೇಹಿತ, ಒಳಗಿಂದ ಬಂದು ಮಂತ್ರಿಯ ಕೆನ್ನೆಗೆ ಒಂದೇ ಒಂದು ಬಾರಿಸುತ್ತಾನೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಏಟು ನಿಜವಾಗಿರಬೇಕು. ಅಷ್ಟು ಬರೆದು ತಲೆಯೆತ್ತಿ ನನ್ನನ್ನೇ ನೋಡಿದ.

"ಸಾರ್, ನಿಮ್ಮ ಮುಖದಲ್ಲಿ ಸೇಡು ಇದೆ."

"ನನ್ನ ಮುಖದಲ್ಲಿರೋದು ಮಧುಮೇಹ" ಎಂದೆ.

ಆದರೆ ಅವನು ಹೇಳಿದ್ದು ಸುಳ್ಳಲ್ಲ. ಯಾಕೆಂದರೆ ಆ ಮಂತ್ರಿಯ ಪಾರ್ಟು ಹಾಕುತ್ತಿದ್ದವನು ಚಿದಾನಂದಪ್ಪ. ನಮ್ಮ ಪುರಸಭೆಯ ಅಧ್ಯಕ್ಷ. ಕಟ್ಟಡ ಬಿಟ್ಟುಕೊಡಬೇಕಾದರೆ ಹನ್ನೊಂದನೇ ಶಾಸಕ ತಾನೇ ಆಗಬೇಕು ಎಂದು ಕರಾರು ಹಾಕಿ ಪಾರ್ಟು ಗಿಟ್ಟಿಸಿಕೊಂಡಿದ್ದ. ಬಿಳೀ ಬಟ್ಟೆ ಹೊಲಿಸುವ ಖರ್ಚೂ ಇರಲಿಲ್ಲ, ಅವನ ಹತ್ತಿರವೇ ಇತ್ತು.

ಈ ಚಿದಾನಂದಪ್ಪನ ಎದುರು ಒಂಬತ್ತು ವರ್ಷದ ಹಿಂದೆ ನಾನು ಪುರಸಭೆ ಚುನಾವಣೆಗೆ ನಿಂತಿದ್ದೆ. ನಾಲ್ಕು ಜನ ಸ್ನೇಹಿತರ ಮಾತು ಕೇಳಿ, ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ನಿಂತೆ. ಯಾರ ಏಟು ಯಾರ ಮೈಮೇಲೆ ಬಿದ್ದಿದೆ ಎಂಬುದು ನಮ್ಮೂರಲ್ಲಿ ನನ್ನೊಬ್ಬನಿಗೇ ಗೊತ್ತಿರುವುದು. ಗಂಡ ಹೊಡೆದ ಏಟು ಹೆಂಡತಿಗೆ ಬೀಳದೆ ಪಕ್ಕದ ಬೀದಿಯಲ್ಲಿ ಬಿದ್ದದ್ದೂ ಗೊತ್ತು. ಮೂವತ್ತು ವರ್ಷದಲ್ಲಿ ಒಂದನ್ನೂ ನಾನು ತುಟಿಯಾಚೆ ಬಿಟ್ಟವನಲ್ಲ. ಚಿದಾನಂದಪ್ಪ ಆಟೋಗೆ ಮೈಕು ಕಟ್ಟಿಸಿ, "ಓಬಳೇಶನಿಗೆ ವೋಟು ಹಾಕಿದರೆ ನಿಮ್ಮ ಮನೆಯ ಬಾವು ನಾಳೆ ಬೀದಿಯ ಸುದ್ದಿ" ಎಂದು ಊರೆಲ್ಲ ಕೂಗಿಸಿದ. ಹತ್ತೊಂಬತ್ತು ವೋಟಿಗೆ ಸೋತೆ. ಎಣಿಕೆ ಮುಗಿದು ಹೊರಗೆ ಬಂದಾಗ ಅವನು ಹಾರ ಹಾಕಿಕೊಂಡು ಹಲ್ಲು ಬಿಡುತ್ತಾ ನಿಂತಿದ್ದ. ಪಕ್ಕದ ಸೈಕಲ್ ಶಾಪಿನ ಬಾಗಿಲಲ್ಲಿ ಗಾಳಿ ಹೊಡೆಯುವ ಪಂಪು ಇತ್ತು. ತೆಗೆದವನೇ ಅವನ ಭುಜಕ್ಕೆ ಬಾರಿಸಿದೆ.

ಅವನು ಭುಜದ ಮೇಲಿನ ಹೂವಿನ ಎಸಳು ಕೊಡವಿಕೊಂಡ, ಅಷ್ಟೇ. ಜನ ನನ್ನನ್ನು ಹಿಡಿಯಲು ಬರಲಿಲ್ಲ. "ಮನೆಗೆ ಓಡೋ ಓಬಳೇಶ, ಮನೆಗೆ ಓಡು!" ಎಂದು ಕೂಗಿದರು. ಓಡಿದೆ.

ಅವ್ವ ಅಕ್ಕಿಯ ಮೊರ ಮಡಿಲಲ್ಲಿಟ್ಟುಕೊಂಡು, ಒಂದು ಕೈಯಿಂದ ಇನ್ನೊಂದು ಭುಜ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ನನ್ನನ್ನು ನೋಡಿದ್ದೇ "ಗೆದ್ಯೇನಪ್ಪಾ?" ಎಂದಳು.

ಭುಜದ ಮೂಳೆ ಕೂಡಲಿಲ್ಲ. ವಯಸ್ಸಾಗಿತ್ತು. ಮಲಗಿದವಳು ನಾಲ್ಕು ತಿಂಗಳಿಗೆ ಹೋಗಿಬಿಟ್ಟಳು. ಊರವರಿಗೆ ಕಟ್ಟಿ ರೂಢಿಯಾದ ಪಟ್ಟಿಯನ್ನು ಅವ್ವನಿಗೆ ಕಟ್ಟಲು ನನ್ನಿಂದ ಆಗಲಿಲ್ಲ. ಕಟ್ಟಿದವಳು, ಉಣಿಸಿದವಳು, ಮಗ್ಗುಲು ಹೊರಳಿಸಿದವಳು ಎಲ್ಲ ನನ್ನ ಹೆಂಡತಿ ಹೊನ್ನೂರಮ್ಮ. ತಿಥಿಯ ಮರುದಿನ ಅವಳು ನನ್ನ ಎದುರು ನಿಂತು, "ಕೈ ಎತ್ತೋವಾಗ ಮನೇಲಿ ಯಾರಿದಾರೆ ಅಂತ ನಿಮಗೆ ಗೊತ್ತಿತ್ತು" ಎಂದಳು. ಅದೇ ಕೊನೆಯ ಮಾತು. ಆಮೇಲೆ ಒಂಬತ್ತು ವರ್ಷ ನನ್ನ ಜೊತೆ ಮಾತಾಡಿಲ್ಲ.

ಮಾತಾಡಿಲ್ಲ ಎಂದರೆ ಸುಮ್ಮನಿದ್ದಾಳೆ ಎಂದು ತಿಳಿಯಬೇಡಿ. ಗ್ಯಾಸ್ ಸಿಲಿಂಡರ್ ಜೊತೆ ಮಾತಾಡುತ್ತಾಳೆ. "ಬೇಳೆ ಮುಗಿದೈತೆ, ಯಾರಿಗೂ ಗ್ಯಾನ ಇಲ್ಲ" ಎಂದು ಸಿಲಿಂಡರಿಗೆ ಹೇಳುತ್ತಾಳೆ, ನಾನು ಬೇಳೆ ತರುತ್ತೇನೆ. "ಸಕ್ಕರೆ ಕಾಯಿಲೆ ಇಟ್ಕೊಂಡು ಹೋಟ್ಲಲ್ಲಿ ಮೈಸೂರುಪಾಕು ತಿಂದವರು ಯಾರೋ" ಎನ್ನುತ್ತಾಳೆ, ನಾನು ಕಳ್ಳನ ಹಾಗೆ ಬಾಯಿ ಒರೆಸಿಕೊಳ್ಳುತ್ತೇನೆ. ಮತ್ತೆ ಆಸ್ಪತ್ರೆಯವರು ಕರೆದು ಕೆಲಸಕ್ಕೆ ಇಟ್ಟುಕೊಂಡರು. ನಮಗೆ ಮಕ್ಕಳಿಲ್ಲ. ಅವ್ವ ಹೋದ ಮೇಲೆ ನನ್ನ ಏಟು ಯಾರಿಗೆ ಬೀಳುತ್ತದೆ ಎಂಬುದು ನನಗೆ ಗೊತ್ತಿಲ್ಲ. ಒಂಬತ್ತು ವರ್ಷದಿಂದ ಯಾರ ಮೇಲೂ ಒಂದು ಬೆರಳೆತ್ತಿಲ್ಲವಲ್ಲ, ಗೊತ್ತಾಗುವುದು ಹೇಗೆ?

ಈಗ ಮಿಥುನ್ ಬಂದು ಚಿದಾನಂದಪ್ಪನ ಕೆನ್ನೆ ಕೊಡುತ್ತೇನೆ ಎನ್ನುತ್ತಿದ್ದಾನೆ.

ನಿಜ ಹೇಳಿಬಿಡುತ್ತೇನೆ, ನನಗೆ ಆಸೆಯಾಯಿತು. ಏಟು ನೇರವಾಗಿ ಚಿದಾನಂದಪ್ಪನ ಕೆನ್ನೆಗೇ ಬಿದ್ದು ಅವನ ಮುಖ ಊದಿಕೊಂಡರೆ, ಆಹಾ, ಒಂಬತ್ತು ವರ್ಷದ ಉರಿ ತಣ್ಣಗಾಗುತ್ತದೆ. ಆದರೆ ಹಾಗಾದರೆ ಈ ಲೋಕದಲ್ಲಿ ನನ್ನವರು ಅಂತ ಒಬ್ಬರೂ ಇಲ್ಲ ಎಂದು ಊರ ಮುಂದೆ ಸಾಬೀತಾಗುತ್ತದೆ. ಅವನ ಕೆನ್ನೆ ಹಾಗೇ ಉಳಿದು ನಮ್ಮ ಮನೆಯಲ್ಲಿ ಹೊನ್ನೂರಮ್ಮನ ಕೆನ್ನೆ ಕೆಂಪಾದರೆ? ಅದನ್ನು ನೆನೆಸಿಕೊಂಡರೆ ಒಳಗೊಳಗೇ ಹಿಗ್ಗಾಗುತ್ತಿತ್ತು, ಅದರ ಬೆನ್ನಿಗೇ ನಾಚಿಕೆಯೂ ಆಗುತ್ತಿತ್ತು. ಹೆಂಡತಿಗೆ ನನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ ಎಂದು ತಿಳಿಯಲು ಅವಳ ಕೆನ್ನೆಗೆ ಹೊಡೆಸುವ ಗಂಡಸು ಎಂಥವನು? ಆದರೂ ಒಪ್ಪಿಕೊಂಡೆ. ಥೂ ನನ್ನ ಜನ್ಮಕ್ಕೆ!

ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಹೊಡೆಯುವವನು ನಾನೆಂದು ತಿಳಿದು ಚಿದಾನಂದಪ್ಪ ಬಿಳಿಚಿಕೊಂಡನಂತೆ. ಓಬಳೇಶನ ಹೆಂಡತಿ ಅವನ ಜೊತೆ ಮಾತಾಡುವುದಿಲ್ಲ ಎಂಬುದು ಊರಿಗೇ ಗೊತ್ತಿರುವ ಸಂಗತಿ. ಅಂದಮೇಲೆ ಏಟು ನೇರ ತನಗೇ ಬೀಳುತ್ತದೆ ಎಂದು ಅವನ ಲೆಕ್ಕ. ಆದರೆ ನೆಂಟರಿಷ್ಟರಿಗೆಲ್ಲ ಫೋನು ಮಾಡಿ 'ನಾನು ಸಿನಿಮಾದಲ್ಲಿದೀನಿ' ಎಂದು ಹೇಳಿಯಾಗಿತ್ತು, ಹಿಂದೆ ಸರಿಯುವ ಹಾಗಿರಲಿಲ್ಲ.

ಮನೆಗೆ ಬಂದೆ. ಹೊನ್ನೂರಮ್ಮ ರೊಟ್ಟಿ ತಟ್ಟುತ್ತಿದ್ದಳು. ಹೇಳಬೇಕೆಂದು ಬಾಯಿ ತೆರೆದೆ. "ಮುದಿ ವಯಸ್ನಲ್ಲಿ ಯಾರಿಗೋ ಬಣ್ಣ ಹಚ್ಕೊಳೋ ಚಪಲ ಬಂದೈತಂತೆ" ಎಂದು ಸಿಲಿಂಡರಿಗೆ ಹೇಳಿದಳು. ಕೈ ತೊಳೆದು ತಟ್ಟೆಯ ಮುಂದೆ ಕೂತೆ. ಶೂಟಿಂಗಿಗೆ ಇನ್ನು ಮೂರು ದಿನವಿತ್ತು, ಆ ಮೂರು ದಿನ ನನಗೆ ಅನ್ನ ಸೇರಲಿಲ್ಲ. ಆಸ್ಪತ್ರೆಯಲ್ಲಿ ಕರಿಬಸಯ್ಯ ಬಂದು, "ಏನೇ ಆಗಲಿ ಕಂಪೌಂಡ್ರೇ, ಮೆಲ್ಲಕ್ಕೆ ಹೊಡೀರಿ. ಅವನಿಗಾದ್ರೂ ಸರಿ, ಮನೇಲಿರೋ ಅಕ್ಕನಿಗಾದ್ರೂ ಸರಿ" ಎಂದು ಹೇಳಿ ಹೋದ.

ಶೂಟಿಂಗಿನ ದಿನ ಬೆಳಿಗ್ಗೆ ಹತ್ತು ಗಂಟೆಗೆ ಪುರಸಭೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಶಾಲೆ ಬಿಟ್ಟಿದ್ದರು. ನನಗೆ ಖಾಕಿ ಕೋಟು ಹಾಕಿ, ತಲೆಗೆ ಬೂದು ಬಣ್ಣ ಬಳಿದರು. ಚಿದಾನಂದಪ್ಪ ಹದಿನೈದನೇ ಮೆಟ್ಟಿಲ ಮೇಲೆ ಗರಿಗರಿ ಬಟ್ಟೆಯಲ್ಲಿ ನಿಂತು ಬೆವರುತ್ತಿದ್ದ. ನಾಲ್ಕು ಮೆಟ್ಟಿಲು ಕೆಳಗೆ ಅಗ್ನಿತೇಜ ಪಿಸ್ತೂಲು ಬಿಸಾಕಿ, ಎದೆ ನೋವು ನಿಜವಾಗಿಯೇ ಇದ್ದುದರಿಂದ ಬಹಳ ಚೆನ್ನಾಗಿ ದಣಿದು ಕೂತಿದ್ದ. ಜನ ನಮ್ಮನ್ನು ನೋಡುತ್ತಿರಲಿಲ್ಲ. ಒಬ್ಬರ ಕೆನ್ನೆ ಒಬ್ಬರು ನೋಡಿಕೊಳ್ಳುತ್ತಿದ್ದರು.

"ರೆಡೀ... ಆಕ್ಷನ್!"

ಕಂಬದ ಮರೆಯಿಂದ ಬಂದೆ. ಚಿದಾನಂದಪ್ಪನ ಮುಂದೆ ನಿಂತೆ. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ತುಟಿ ಅಲುಗಿಸದೆ, ನನಗೆ ಮಾತ್ರ ಕೇಳುವ ಹಾಗೆ, "ಅವತ್ತಿನ ಪಂಪಿನೇಟು ನನಗೇ ಬಿದ್ದಿದ್ರೆ ಚೆನ್ನಾಗಿತ್ತು ಕಣೋ ಓಬಳೇಶ. ಹೊಡಿ, ಹೊಡ್ದುಬಿಡು" ಎಂದ. ಈ ಮಾತು ಅವನ ಬಾಯಲ್ಲಿ ಬರುತ್ತದೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಸಿಟ್ಟು ಇನ್ನೂ ಹೆಚ್ಚಾಯಿತು. ಒಂಬತ್ತು ವರ್ಷ ಬಿಟ್ಟು ಈಗ ಹೇಳುತ್ತಾನಲ್ಲ ಬಡ್ಡೀಮಗ! ಬಲಗೈ ಎತ್ತಿದೆ.

ಎತ್ತಿದ ಕೈಯ ಕೆಳಗಿಂದ ಜನರ ಗುಂಪು ಕಂಡಿತು. ಗುಂಪಿನ ಮುಂದುಗಡೆ, ಬಾವುಟದ ಕಂಬದ ಪಕ್ಕ, ಹೊನ್ನೂರಮ್ಮ ನಿಂತಿದ್ದಳು. ಎಡಗೆನ್ನೆಯ ತುಂಬಾ ಅರಿಶಿನ, ಸುಣ್ಣ ಕಲಸಿ ದಪ್ಪಗೆ ಪಟ್ಟು ಹಾಕಿಕೊಂಡಿದ್ದಳು. ಬಲಗೈಯಲ್ಲಿ ಹೊಡೆದರೆ ಏಟು ಎಡಗೆನ್ನೆಗೆ ಬೀಳುತ್ತದೆ. ಎಡಗಿವಿಯ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಬಲಗಿವಿಯದು ಹಾಗೇ ಇತ್ತು. ಬೀಳದಂತೆ ಒಂದು ಕೈಯಿಂದ ಬಾವುಟದ ಕಂಬ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದಳು.

ನನ್ನ ಕೈ ಗಾಳಿಯಲ್ಲೇ ನಿಂತಿತು.

"ಕಟ್! ಯಾಕ್ ಸಾರ್? ಹೊಡೀರಿ" ಎಂದ ಮಿಥುನ್. ಮತ್ತೆ ಕಂಬದ ಮರೆಗೆ ಹೋದೆ. ಮತ್ತೆ ಆಕ್ಷನ್ ಎಂದರು, ಮತ್ತೆ ಬಂದೆ, ಮತ್ತೆ ಕೈ ಎತ್ತಿದೆ. ಕೈ ಅಲ್ಲೇ ನಿಂತಿತು. ಹೀಗೆ ಏಳು ಸಲ. ಏಳನೇ ಸಲಕ್ಕೆ ಚಿದಾನಂದಪ್ಪ ಒಂದು ಕಣ್ಣು ತೆರೆದು "ಏನೋ ಆಯ್ತು ನಿನಗೆ? ನನಗೆ ಬಿ.ಪಿ. ಐತೆ" ಎಂದ.

ಆಗ ಕೆಳಗಿನಿಂದ ದನಿ ಬಂತು.

"ಹೊಡೀರಿ ಅತ್ಲಾಗೆ! ಎಷ್ಟೊತ್ತು ನಿಂತ್ಕೊಳ್ಲಿ ನಾನು? ಅರಿಶಿಣ ಒಣಗಿ ಕೆನ್ನೆ ಬಿಗೀತಾ ಐತೆ!"

ಒಂಬತ್ತು ವರ್ಷದ ಮೇಲೆ. ಸಿಲಿಂಡರಿಗಲ್ಲ, ನನಗೆ. ಊರೆಲ್ಲ ಅವಳ ಕಡೆ ತಿರುಗಿತು. ಅರಿಶಿನದ ಕೆನ್ನೆ ನೋಡಿತು, ಓಲೆಯಿಲ್ಲದ ಕಿವಿ ನೋಡಿತು. ಯಾರೂ ನಗಲಿಲ್ಲ. ಕರಿಬಸಯ್ಯನ ಹೆಂಡತಿ ಮಾತ್ರ ಸೆರಗು ಬಾಯಿಗೆ ಹಿಡಿದು ಅಳಲು ಶುರುಮಾಡಿದಳು. ನನಗೂ ಅಳು ಬಂತು. ಬೂದು ಬಣ್ಣ ಬೆವರಿನ ಜೊತೆ ಇಳಿದು ಕಣ್ಣಿಗೆ ಹೋಯಿತು ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಸುಳ್ಳು.

ಮೆಟ್ಟಿಲಿಳಿದು ಹೊರಟೆ. ಹಿಂದಿನಿಂದ ಮಿಥುನ್ ಓಡಿ ಬಂದ. "ಸಾರ್, ಸಾರ್, ಒಂದೇ ಒಂದು ಏಟು! ಅದಿಲ್ಲದಿದ್ರೆ ಸಿನಿಮಾ ಹೆಂಗ್ ಮುಗ್ಸೋದು?"

"ನಿಮ್ಮ ಸಿನಿಮಾ ಹೆಂಗಾದ್ರೂ ಮುಗಿಸ್ಕೊಳ್ಳಿ. ನನಗೆ ಮನೇಲಿ ಜನ ಇದಾರೆ" ಎಂದೆ. ಇದನ್ನು ಹೇಳುವಾಗ ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಹನ್ನೆರಡು ಕಂಬದಾಚೆ ಕೂತಿದ್ದ ಗುಮಾಸ್ತರಿಗೂ ಕೇಳಿಸಿತಂತೆ.

ಅವನು ಕೊನೆಗೆ ಎತ್ತಿದ ಕೈಯನ್ನೇ ಇಟ್ಟುಕೊಂಡು ಸಿನಿಮಾ ಮುಗಿಸಿದ. ನಮ್ಮ ಊರ ಟಾಕೀಸಿನಲ್ಲಿ ಅದು ಆರು ವಾರ ಓಡಿತು. ಎತ್ತಿದ ಕೈ ಹಾಗೇ ನಿಂತು ಪರದೆ ಕಪ್ಪಾದಾಗ ಬೇರೆ ಊರಿನಲ್ಲಿ ಜನ ಬೈದರಂತೆ, ದುಡ್ಡು ದಂಡ ಎಂದರಂತೆ. ನಮ್ಮವರು ಎದ್ದು ನಿಂತು ಶಿಳ್ಳೆ ಹೊಡೆದರು. ಚಿದಾನಂದಪ್ಪ ಆರು ವಾರವೂ ಮುಂದಿನ ಸಾಲಿನಲ್ಲಿ ಕೂತು ತನ್ನ ಕೆನ್ನೆಯನ್ನು ತಾನೇ ನೋಡಿಕೊಂಡ.

ಅವತ್ತು ಅವಳು ಮುಂದೆ, ನಾನು ಹಿಂದೆ, ಸಂತೆ ಬೀದಿ ದಾಟಿ ಮನೆಗೆ ನಡೆದೆವು. "ಯಾಕೆ ಹೊಡೀಲಿಲ್ಲ?" ಎಂದು ಕೇಳಿದಳು, ಹಿಂದೆ ತಿರುಗದೆ.

"ನಿನಗೆ ಬೀಳುತ್ತಲ್ಲ."

"ನನಗೇ ಬೀಳುತ್ತೆ ಅಂತ ಯಾರು ಹೇಳಿದ್ದು ನಿಮಗೆ? ಇರಲಿ ಅಂತ ಹಚ್ಕೊಂಡಿದ್ದೆ. ಏನೋ ದೊಡ್ಡದಾಗಿ ತಿಳ್ಕೋಬೇಡಿ." ಅಷ್ಟು ಹೇಳಿ ದಾಪುಗಾಲು ಹಾಕಿದಳು. ನನಗೆ ಮಂಡಿನೋವು, ಓಡಿ ಹಿಡಿಯಬೇಕಾಯಿತು.

ದಾರಿಯಲ್ಲೇ ಸಿಕ್ಕ ಆಸ್ಪತ್ರೆಯ ಜಗಲಿಯಲ್ಲಿ ಕೂರಿಸಿ, ಬಿಸಿನೀರಿನಲ್ಲಿ ಹತ್ತಿ ಅದ್ದಿ, ಒಣಗಿದ ಅರಿಶಿನವನ್ನು ಮೆಲ್ಲಗೆ ಬಿಡಿಸಿದೆ. ಸುಣ್ಣ ಹೆಚ್ಚಾಗಿತ್ತು, ಕೆನ್ನೆ ಸುಟ್ಟ ಹಾಗೆ ಕೆಂಪಾಗಿತ್ತು. "ನೋಯ್ತದಾ?" ಎಂದೆ. "ಅಯ್ಯೋ ಸುಮ್ನೆ ಒರೆಸ್ರಿ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎಂದಳು. ಹಳದಿ ನಾಲ್ಕು ದಿನ ಹೋಗಲಿಲ್ಲ. ಆ ನಾಲ್ಕು ದಿನವೂ ಅವಳು ನಲ್ಲಿಗೆ, ಅಂಗಡಿಗೆ, ಹಿಟ್ಟಿನ ಗಿರಣಿಗೆ, ಕೆಲಸವಿಲ್ಲದ ಕಡೆಗೂ ಹೋಗಿ ಬಂದಳು. ಗಿರಣಿಯಲ್ಲಿ ಪರ ಊರಿನ ಒಬ್ಬಾಕೆ, ಏನೂ ತಿಳಿಯದವಳು, ಅವಳ ಕೆನ್ನೆ ನೋಡಿ "ಅಯ್ಯೋ, ಇದ್ಯಾರ ಏಟಮ್ಮಾ?" ಎಂದು ಕೇಳಿದಳಂತೆ.

"ನಮ್ಮ ಮನೆಯೋರದ್ದು" ಎಂದಳಂತೆ ಹೊನ್ನೂರಮ್ಮ, ಹಿಟ್ಟಿನ ಡಬ್ಬ ಸೊಂಟಕ್ಕೆ ಏರಿಸಿಕೊಳ್ಳುತ್ತಾ. "ಹೊಡೀಲಿಲ್ಲ."